ಮರೆವಿನ ರೋಗಕ್ಕೆ ಮೂಲಿಕೆ: ಡಬ್ಬಿ ಕೊಳ್ಳುವ ಮೊದಲು

ಮನೆಯ ಹಿರಿಯರಿಗೆ ಮರೆವು ಹೆಚ್ಚಾದಾಗ ನಮ್ಮಲ್ಲಿ ಅನೇಕ ಕುಟುಂಬಗಳು ಆಸ್ಪತ್ರೆಗೆ ಹೋಗುವ ಮೊದಲು ಯುನಾನಿ ದವಾಖಾನೆಗೆ ಬರುತ್ತವೆ. ‘ಹಕೀಮ್ ಸಾಹೇಬರೇ, ಅಮ್ಮಿಯ ದಿಮಾಗಿಗೆ ಒಳ್ಳೆಯದೊಂದು ಖಮೀರಾ ಬರೆದುಕೊಡಿ’ ಎನ್ನುತ್ತಾರೆ. ಕೆಲವರು ಮೊಬೈಲ್ ತೆರೆದು ತೋರಿಸುತ್ತಾರೆ. ಅರಸಿನದಿಂದ ಅಲ್‌ಝೈಮರ್ ವಾಸಿಯಾಗುತ್ತದೆ ಎಂದು ಅದರಲ್ಲಿರುತ್ತದೆ. ಇಲ್ಲವೇ ಯಾವುದೋ ಎಣ್ಣೆಯ ಎರಡು ಹನಿ ಮೂಗಿಗೆ ಬಿಟ್ಟರೆ ನಲವತ್ತು ದಿನಗಳಲ್ಲಿ ನೆನಪು ಮರಳುತ್ತದೆ ಎಂದಿರುತ್ತದೆ. ನೀವೂ ಇಂಥದ್ದನ್ನು ನೋಡಿರುತ್ತೀರಿ, ಬಹುಶಃ ನಾಲ್ಕು ಜನರಿಗೆ ಕಳಿಸಿಯೂ ಇರುತ್ತೀರಿ.

ಮೂಲಿಕೆಗಳೇ ನನ್ನ ಕಸುಬು, ಅವುಗಳಿಂದಲೇ ನನ್ನ ಮನೆ ನಡೆಯುತ್ತದೆ. ಆದ್ದರಿಂದ ನಾನು ಮೂಲಿಕೆಗಳ ವಿರೋಧಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೂ ಹೇಳುತ್ತೇನೆ, ಅಲ್‌ಝೈಮರ್ ರೋಗವನ್ನು ಗುಣಪಡಿಸುವ ಮೂಲಿಕೆ ಇಂದು ಯಾವ ಅಂಗಡಿಯಲ್ಲೂ ಇಲ್ಲ, ನನ್ನ ದವಾಖಾನೆಯಲ್ಲೂ ಇಲ್ಲ. ಅದೇ ಹೊತ್ತಿಗೆ, ಈ ರೋಗಕ್ಕೆ ಪ್ರಪಂಚದಾದ್ಯಂತ ನರರೋಗ ತಜ್ಞರು ಬರೆಯುವ ಬೆರಳೆಣಿಕೆಯ ಮಾತ್ರೆಗಳಲ್ಲಿ ಒಂದು ನೇರವಾಗಿ ಹೂವಿನ ಗೆಡ್ಡೆಯಿಂದ ಬಂದದ್ದು. ಇನ್ನೊಂದು ಕಾಡಿನ ಬೀಜವೊಂದರ ಸತ್ವವನ್ನು ತಿದ್ದಿ ಮಾಡಿದ್ದು. ಈ ಎರಡು ಮಾತುಗಳೂ ನಿಜ. ಗಿಡ ಮದ್ದಾಗುವುದು ಹೇಗೆ, ಯಾವಾಗ ಎಂಬುದನ್ನು ಅರಿತರೆ ನಿಮ್ಮ ಹಣವೂ ಉಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ರೋಗಿಯ ಸಮಯ ಉಳಿಯುತ್ತದೆ.

ಮೊದಲು ರೋಗದ ಬಗ್ಗೆ ಎರಡು ಮಾತು. ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಅವರು ನೋಡಿದ್ದ ಅಗಸ್ಟೆ ಡೇಟರ್ ಎಂಬ ಮಹಿಳೆ ತೀರಿಕೊಂಡ ನಂತರ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಎರಡು ವಿಚಿತ್ರಗಳು ಕಂಡವು. ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳಿದ್ದವು, ಕೋಶಗಳ ಒಳಗೆ ಟೌ ಎಂಬ ಪ್ರೋಟೀನಿನ ಸಿಕ್ಕುಗಳಿದ್ದವು. ಹೊಸ ವಿಷಯವನ್ನು ಹಿಡಿದಿಡುವ ಮಿದುಳಿನ ಭಾಗ ಈ ರೋಗದಲ್ಲಿ ಮೊದಲು ಸೊರಗುತ್ತದೆ. ಆದ್ದರಿಂದಲೇ ಅಮ್ಮಿಗೆ ತನ್ನ ನಿಕಾಹಿನ ದಿನ ಯಾರು ಯಾವ ಸೀರೆ ಉಟ್ಟಿದ್ದರೆಂಬುದು ನೆನಪಿರುತ್ತದೆ, ಬೆಳಿಗ್ಗೆ ನಾಷ್ಟಾ ಮಾಡಿದ್ದು ನೆನಪಿರುವುದಿಲ್ಲ. ಸಾಲನ್‌ಗೆ ಎರಡು ಸಲ ಉಪ್ಪು ಬೀಳುತ್ತದೆ. ಝುಹರ್ ನಮಾಝ್ ಮುಗಿಸಿದವರು ಹತ್ತು ನಿಮಿಷ ಬಿಟ್ಟು ಮತ್ತೆ ವುಝೂ ಮಾಡಲು ಏಳುತ್ತಾರೆ. ಬಳೆ ಎಲ್ಲಿಟ್ಟೆನೆಂದು ತಿಳಿಯದೆ ಸೊಸೆಯ ಮೇಲೆ ಅನುಮಾನ ಪಡುತ್ತಾರೆ. ಈ ಕೊನೆಯದು ರೋಗದ ಲಕ್ಷಣವೆಂದು ತಿಳಿಯದೆ ಒಡೆದ ಮನೆಗಳು ಎಷ್ಟೋ ಇವೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ. ಅಂದರೆ ನೂರು ಹಿರಿಯರಲ್ಲಿ ಏಳಕ್ಕೂ ಹೆಚ್ಚು ಮಂದಿ. ಡಿಮೆನ್ಷಿಯಾದ ಅತಿ ಸಾಮಾನ್ಯ ಕಾರಣ ಅಲ್‌ಝೈಮರ್.

ನಮ್ಮ ಹಳೆಯ ತಿಬ್ಬಿನಲ್ಲಿ ಮರೆವಿಗೆ ‘ನಿಸ್ಯಾನ್’ ಎಂದು ಹೆಸರು. ಟ್ಯುನೀಷಿಯಾದ ಕೈರವಾನಿನಲ್ಲಿ ಹತ್ತನೆಯ ಶತಮಾನದಲ್ಲಿದ್ದ ಹಕೀಮ್ ಇಬ್ನುಲ್ ಜಝ್ಝಾರ್ ಮರೆವು ಮತ್ತು ಅದರ ಚಿಕಿತ್ಸೆಯ ಬಗ್ಗೆಯೇ ಪ್ರತ್ಯೇಕವಾಗಿ ಒಂದು ಕಿರುಗ್ರಂಥ ಬರೆದಿದ್ದರು. ಮುಂದೆ ಅದು ಲ್ಯಾಟಿನಿಗೂ ಹೀಬ್ರೂವಿಗೂ ಹೋಯಿತು. ಮಿದುಳಿನಲ್ಲಿ ಶೀತವೂ ತೇವವೂ ಹೆಚ್ಚಾಗಿ ಕಫ ತುಂಬಿದರೆ ನೆನಪು ಅಳಿಯುತ್ತದೆ ಎಂಬುದು ಆ ಕಾಲದ ತಿಳಿವಳಿಕೆ. ಆದ್ದರಿಂದ ಉಷ್ಣ ಗುಣದ ಮದ್ದುಗಳನ್ನು ಕೊಡುತ್ತಿದ್ದರು. ಲೋಬಾನದ ಜಾತಿಯ ಕುಂದುರ್, ನಮ್ಮ ಅಜ್ಜಿಯರು ಮಕ್ಕಳಿಗೆ ತೇಯ್ದು ನೆಕ್ಕಿಸುತ್ತಿದ್ದ ಬಜೆ, ಉಸ್ತುಖುದ್ದೂಸ್, ಕೇಸರಿ ಇವೆಲ್ಲ ಆ ಸಾಲಿನವು. ಅಮಿಲಾಯ್ಡ್ ಏನೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯುವ ಸಾಧನವೂ ಇರಲಿಲ್ಲ. ಇದ್ದ ಸಾಧನದಲ್ಲಿ ಅವರು ನೋಡಿದರು, ಬರೆದಿಟ್ಟರು. ಅದು ದೊಡ್ಡ ಕೆಲಸವೇ.

ಆದರೆ ಆ ಪುಸ್ತಕಗಳಲ್ಲಿರುವುದೆಲ್ಲ ಹೂವಿನಂಥ ಮದ್ದುಗಳಲ್ಲ. ನೆನಪಿಗೆಂದು ಹೆಸರಾದ ಇನ್ನೊಂದು ಮದ್ದು ಬಲಾದುರ್, ಅಂದರೆ ನಮ್ಮ ಕರಿಗೇರು. ಸಂಸ್ಕೃತದಲ್ಲಿ ಭಲ್ಲಾತಕ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿ ಇದೇ. ಅದರ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿದ್ದ ಪ್ರಸಿದ್ಧ ಇತಿಹಾಸಕಾರ, ‘ಫುತೂಹುಲ್ ಬುಲ್ದಾನ್’ ಬರೆದ ಅಲ್ ಬಲಾದುರಿಗೆ ಆ ಹೆಸರು ಬಂದದ್ದೇ ಈ ಕಾಯಿಯಿಂದ ಎನ್ನುತ್ತಾರೆ. ಕಾಯಿಯ ರಸ ಕುಡಿದು ಬುದ್ಧಿ ಕೆಟ್ಟು ತೀರಿಕೊಂಡರೆಂದು ಹಳೆಯ ಬರಹಗಾರರು ದಾಖಲಿಸಿದ್ದಾರೆ. ರಸ ಕುಡಿದದ್ದು ಅವರಲ್ಲ, ಅವರ ಅಜ್ಜ ಎನ್ನುವವರೂ ಇದ್ದಾರೆ. ಯಾರೇ ಕುಡಿದಿರಲಿ, ನೆನಪಿನ ಮದ್ದು ಬುದ್ಧಿಯನ್ನೇ ಕೆಡಿಸಬಹುದೆಂಬ ಎಚ್ಚರ ಆ ಕಾಲದವರಿಗಿತ್ತು. ಇಂದು ‘ಗಿಡದ್ದು ತಾನೆ, ಅಡ್ಡ ಪರಿಣಾಮ ಇಲ್ಲ’ ಎನ್ನುವವರಿಗೆ ಅಷ್ಟೂ ಎಚ್ಚರವಿಲ್ಲ. ಕರಿಗೇರನ್ನು ಶುದ್ಧಿಮಾಡಿ ತಯಾರಿಸುವ ಮಾಜೂನ್ ಬಲಾದುರ್ ಈಗಲೂ ಯುನಾನಿ ಔಷಧ ಪಟ್ಟಿಯಲ್ಲಿದೆ. ದಯವಿಟ್ಟು ಅದನ್ನು ನೀವಾಗಿಯೇ ಕೊಂಡು ತಿನ್ನಬೇಡಿ.

ಇನ್ನು ಆ ಹೂವಿನ ಗೆಡ್ಡೆಯ ವಿಷಯ. ಯುರೋಪಿನಲ್ಲಿ ಹಿಮ ಕರಗುವ ಮೊದಲೇ ನೆಲದಿಂದ ತಲೆ ಎತ್ತುವ ಬಿಳಿ ಹೂವೊಂದಿದೆ, ಸ್ನೋಡ್ರಾಪ್ ಎಂದು ಅದರ ಹೆಸರು. 1950ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ಅದರ ಗೆಡ್ಡೆಯಿಂದ ಗ್ಯಾಲಂಟಮಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಬಲ್ಗೇರಿಯಾದ ದಿಮಿತರ್ ಪಾಸ್ಕೋವ್ ಮತ್ತು ಸಂಗಡಿಗರು ಆ ದಶಕದಲ್ಲೇ ಅದನ್ನು ನಿವಾಲಿನ್ ಎಂಬ ಹೆಸರಿನ ಔಷಧವಾಗಿ ತಯಾರಿಸಿದರು. ಆಗ ಅದು ಮರೆವಿನ ಮದ್ದಾಗಿರಲಿಲ್ಲ. ಪೋಲಿಯೋ ಬಂದು ಕೈಕಾಲು ಸೋತವರಿಗೆ, ಸ್ನಾಯುಗಳ ದೌರ್ಬಲ್ಯಕ್ಕೆ, ಶಸ್ತ್ರಚಿಕಿತ್ಸೆಯ ಅರಿವಳಿಕೆಯ ನಂತರ ಸ್ನಾಯುಗಳನ್ನು ಎಬ್ಬಿಸಲು ಅದನ್ನು ಬಳಸುತ್ತಿದ್ದರು.

ಅದು ಮಿದುಳಿಗೆ ಹೇಗೆ ಬಂತು? ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ನಮ್ಮೊಳಗಿದೆ. ಅಂಚೆಯವನಿದ್ದಂತೆ. ಸುದ್ದಿ ಮುಟ್ಟಿದ ಮೇಲೆ ಒಂದು ಕಿಣ್ವ ಬಂದು ಅದನ್ನು ಒಡೆದುಹಾಕುತ್ತದೆ. ಅಲ್‌ಝೈಮರ್ ರೋಗದಲ್ಲಿ ಈ ಅಂಚೆಯವರ ಸಂಖ್ಯೆ ಕಡಿಮೆಯಾಗುತ್ತದೆಂದು 1970ರ ದಶಕದಲ್ಲಿ ಗೊತ್ತಾಯಿತು. ಗ್ಯಾಲಂಟಮಿನ್ ಆ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಉಳಿದಿರುವ ಅಂಚೆಯವರು ಇನ್ನಷ್ಟು ಹೊತ್ತು ಓಡಾಡುತ್ತಾರೆ. ಸಾವಿರಾರು ರೋಗಿಗಳ ಮೇಲೆ ಪ್ರಯೋಗ ನಡೆದ ನಂತರ 2001ರಲ್ಲಿ ಅಮೆರಿಕ ಇದನ್ನು ಅಲ್‌ಝೈಮರ್ ಔಷಧವೆಂದು ಒಪ್ಪಿತು. ಗೆಡ್ಡೆಯಿಂದ ಮರೆವಿನ ಮಾತ್ರೆಯವರೆಗೆ ಸುಮಾರು ಐವತ್ತು ವರ್ಷ.

ಉರ್ದು ಕವಿಗಳು ಕಣ್ಣಿಗೆ ಹೋಲಿಸುವ ನರ್ಗಿಸ್ ಹೂವು ಗೊತ್ತಲ್ಲ, ಅದೂ ಸ್ನೋಡ್ರಾಪಿನ ಕುಟುಂಬಕ್ಕೇ ಸೇರಿದ್ದು. ನರ್ಗಿಸಿನ ಬಳಗದ ಡ್ಯಾಫೊಡಿಲ್ ಗೆಡ್ಡೆಯಲ್ಲೂ ಗ್ಯಾಲಂಟಮಿನ್ ಇದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಇದಕ್ಕಾಗಿಯೇ ಅದನ್ನು ಬೆಳೆಯುತ್ತಾರೆ. ಇದನ್ನು ಓದಿ ಯಾರಾದರೂ ನರ್ಗಿಸ್ ಗೆಡ್ಡೆ ಅರೆದು ಅಬ್ಬಾನಿಗೆ ಕುಡಿಸಿದರೆ ಏನಾದೀತು? ವಾಂತಿ, ಭೇದಿ, ನಾಡಿ ನಿಧಾನವಾಗಿ ಕುಸಿದು ಬೀಳುವುದು. ಗೆಡ್ಡೆಯಲ್ಲಿ ಬೇರೆ ವಿಷಗಳೂ ಇವೆ. ಮಾತ್ರೆಯಲ್ಲಿ ಗ್ಯಾಲಂಟಮಿನ್ ಮಾತ್ರ ಇರುತ್ತದೆ, ಅದೂ ಅಳೆದು. ದಿನಕ್ಕೆ 8 ಮಿಲಿಗ್ರಾಮಿನಿಂದ ಆರಂಭಿಸಿ ವಾರಗಳ ಅಂತರದಲ್ಲಿ ನಿಧಾನವಾಗಿ 24ರವರೆಗೆ ಏರಿಸುತ್ತಾರೆ. ನಡುವೆ ನಾಡಿ ನೋಡುತ್ತಾರೆ. ಒಂದೇ ಗೆಡ್ಡೆ, ಮದ್ದೂ ಹೌದು, ವಿಷವೂ ಹೌದು. ವ್ಯತ್ಯಾಸ ಇರುವುದು ಅಳತೆಯಲ್ಲಿ. ಯುನಾನಿಯಲ್ಲಿ ನಾವು ‘ಮಿಕ್ದಾರೆ ಖುರಾಕ್’ ಎಂದು ಪ್ರತಿ ಮದ್ದಿಗೂ ಪ್ರಮಾಣ ಓದುವುದು ಇದಕ್ಕಾಗಿಯೇ.

ಎರಡನೆಯ ಔಷಧ ರಿವಾಸ್ಟಿಗ್ಮಿನ್. ಅದರ ಮೂಲ ನೈಜೀರಿಯಾದ ಕಲಬಾರ್ ಪ್ರದೇಶದ ಒಂದು ಬಳ್ಳಿಯ ಬೀಜ. ತಪ್ಪಿತಸ್ಥನೋ ಅಲ್ಲವೋ ಎಂದು ಪರೀಕ್ಷಿಸಲು ಅಲ್ಲಿ ಹಿಂದೆ ಆ ಬೀಜವನ್ನು ಆರೋಪಿಗೆ ತಿನ್ನಿಸುತ್ತಿದ್ದರು. ಬದುಕಿದರೆ ನಿರಪರಾಧಿ! 1864ರಲ್ಲಿ ಅದರಿಂದ ಫೈಸೊಸ್ಟಿಗ್ಮಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ರಚನೆಯನ್ನು ತಿದ್ದಿ ರಿವಾಸ್ಟಿಗ್ಮಿನ್ ಮಾಡಿದರು. ಇಂದು ಅದು ಕ್ಯಾಪ್ಸೂಲಾಗಿಯೂ ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿಯೂ ಸಿಗುತ್ತದೆ. ನುಂಗಿದರೆ ವಾಂತಿಯಾಗುವವರಿಗೆ ಪಟ್ಟಿ ಅನುಕೂಲ. ನಮ್ಮಲ್ಲಿ ವೈದ್ಯರು ಹೆಚ್ಚಾಗಿ ಬರೆಯುವ ಡೊನೆಪೆಝಿಲ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದು ಗಿಡದ್ದಲ್ಲ, ಪ್ರಯೋಗಾಲಯದಲ್ಲಿ ತಯಾರಾದದ್ದು.

ಈ ಔಷಧಗಳು ರೋಗವನ್ನು ನಿಲ್ಲಿಸುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಕೆಲವರಲ್ಲಿ ಕೆಲವು ಕಾಲ ನೆನಪು, ಗಮನ, ದಿನನಿತ್ಯದ ಕೆಲಸ ಸ್ವಲ್ಪ ಸುಧಾರಿಸುತ್ತದೆ ಅಥವಾ ಇದ್ದಂತೆಯೇ ಉಳಿಯುತ್ತದೆ. ಕೆಲವರಲ್ಲಿ ಏನೂ ಆಗುವುದಿಲ್ಲ. ‘ಮೂರು ತಿಂಗಳು ಕೊಟ್ಟೆವು, ಅಮ್ಮಿ ಮೊದಲಿನಂತಾಗಲಿಲ್ಲ’ ಎಂದು ಮಾತ್ರೆ ನಿಲ್ಲಿಸಿ ನನ್ನ ಬಳಿ ಬರುವವರಿಗೆ ನಾನು ಕೇಳುವುದು ಒಂದೇ: ಮೂರು ತಿಂಗಳ ಹಿಂದೆ ಇದ್ದಂತೆಯೇ ಇದ್ದಾರೆಯೇ? ಹೌದು ಎಂದರೆ ಮದ್ದು ಕೆಲಸ ಮಾಡುತ್ತಿರಬಹುದು. ಬರೆದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಎಲ್ಲ ಗಿಡಗಳಿಗೂ ಗ್ಯಾಲಂಟಮಿನ್ನಿನ ಭಾಗ್ಯ ಬರಲಿಲ್ಲ. ಗಿಂಕೊ ಬಿಲೋಬಾ ಎಂಬ ಮರದ ಎಲೆಯ ಸತ್ವ ನೆನಪಿನ ಕ್ಯಾಪ್ಸೂಲಾಗಿ ಪ್ರಪಂಚದಾದ್ಯಂತ ಮಾರಾಟವಾಗುತ್ತದೆ, ನಮ್ಮ ಮೆಡಿಕಲ್ ಅಂಗಡಿಗಳಲ್ಲೂ ಇದೆ. ಅಮೆರಿಕದಲ್ಲಿ 75 ದಾಟಿದ 3069 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆರಡು ಬಾರಿ 120 ಮಿಲಿಗ್ರಾಮ್ ಗಿಂಕೊ, ಇನ್ನೊಂದಕ್ಕೆ ಅದೇ ರೀತಿ ಕಾಣುವ ಮದ್ದಿಲ್ಲದ ಮಾತ್ರೆ ಕೊಟ್ಟು ಸುಮಾರು ಆರು ವರ್ಷ ನೋಡಿದರು. ಯಾರಿಗೆ ಯಾವುದು ಸಿಕ್ಕಿದೆಯೆಂದು ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. 2008ರಲ್ಲಿ ಫಲಿತಾಂಶ ಬಂತು. ಮದ್ದಿಲ್ಲದ ಮಾತ್ರೆ ತಿಂದವರಲ್ಲಿ 246 ಮಂದಿಗೆ, ಗಿಂಕೊ ತಿಂದವರಲ್ಲಿ 277 ಮಂದಿಗೆ ಡಿಮೆನ್ಷಿಯಾ ಬಂದಿತ್ತು. ಗಿಂಕೊದಿಂದ ರಕ್ಷಣೆ ಸಿಗಲಿಲ್ಲ. ಕ್ಯಾಪ್ಸೂಲ್ ಮಾತ್ರ ಇಂದಿಗೂ ಮಾರಾಟವಾಗುತ್ತಿದೆ. ಚೀನಾದ ಪಾಚಿಯಂಥ ಗಿಡವೊಂದರ ಹ್ಯೂಪರ್ಝಿನ್ ಎಂಬ ಸತ್ವವೂ ಅಮೆರಿಕದ ಪ್ರಯೋಗದಲ್ಲಿ ನಿಗದಿತ ಪ್ರಮಾಣದಲ್ಲಿ ಪ್ರಯೋಜನ ತೋರಿಸಲಿಲ್ಲ.

ಅರಸಿನದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಅದರದ್ದೇ. ಅರಸಿನದ ಹಳದಿ ಸತ್ವ ಕರ್ಕ್ಯುಮಿನ್ ಗಾಜಿನ ನಳಿಗೆಯಲ್ಲಿ ಅಮಿಲಾಯ್ಡಿಗೆ ಅಂಟಿಕೊಳ್ಳುತ್ತದೆ. ಇಲಿಗಳ ಮಿದುಳಿನಲ್ಲಿ ಅದನ್ನು ಕಡಿಮೆಯೂ ಮಾಡಿದೆ. ಸುದ್ದಿ ಹುಟ್ಟಿದ್ದು ಇಲ್ಲಿಂದ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಲ್‌ಝೈಮರ್ ಬಹಳ ಕಡಿಮೆಯೆಂದು 2001ರಲ್ಲಿ ವರದಿಯಾದಾಗ, ‘ನೋಡಿ, ಭಾರತೀಯರು ಅರಸಿನ ತಿನ್ನುತ್ತಾರೆ’ ಎಂದು ಜನ ಎರಡನ್ನೂ ಗಂಟು ಹಾಕಿದರು. ಆ ಅಧ್ಯಯನ ರೋಗಿಗಳನ್ನು ಎಣಿಸಿತ್ತು, ಅದು ಅರಸಿನದ ಪರೀಕ್ಷೆಯಾಗಿರಲಿಲ್ಲ. ಮೇಲೆ ಹೇಳಿದ 88 ಲಕ್ಷ ಮಂದಿಯೂ ಅರಸಿನ ತಿಂದು ಬೆಳೆದವರೇ ಅಲ್ಲವೇ?

ಮನುಷ್ಯರಲ್ಲಿ ಏನಾಯಿತು? 36 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 4 ಗ್ರಾಮಿನವರೆಗೆ ಕರ್ಕ್ಯುಮಿನ್ ಕೊಟ್ಟರೂ ಆರು ತಿಂಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರಣವೂ ಅಲ್ಲೇ ಸಿಕ್ಕಿತು. ತಿಂದದ್ದು ರಕ್ತಕ್ಕೆ ಹೋಗಿದ್ದೇ ಅತ್ಯಲ್ಪ, ಮಿದುಳಿಗೆ ತಲುಪುವುದು ಇನ್ನೆಲ್ಲಿ! ನೂರು ಗ್ರಾಮ್ ಅರಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಮ್. ಅಂದರೆ ಆ ಪ್ರಯೋಗದ ಪ್ರಮಾಣ ಬೇಕಾದರೆ ದಿನಕ್ಕೆ ನೂರು ಗ್ರಾಮಿಗಿಂತ ಹೆಚ್ಚು ಅರಸಿನ ತಿನ್ನಬೇಕು. ರಾತ್ರಿ ಹಾಲಿಗೆ ಹಾಕುವ ಚಿಟಿಕೆ ಅರಸಿನ ರುಚಿಗೆ ಇರಲಿ, ಅಭ್ಯಾಸಕ್ಕೆ ಇರಲಿ, ನಾನೂ ಕುಡಿಯುತ್ತೇನೆ. ಆದರೆ ಕಾಳುಮೆಣಸಿನ ಸತ್ವ ಸೇರಿಸಿ ರಕ್ತಕ್ಕೆ ಹೆಚ್ಚು ಹೋಗುವಂತೆ ಮಾಡಿದ ದುಬಾರಿ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಇನ್ನೊಂದು ವಿಷಯ, ಬಣ್ಣ ಹೊಳೆಯಲೆಂದು ಅರಸಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವ ದಂಧೆ ಬಾಂಗ್ಲಾದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಸಿಕ್ಕಿಬಿದ್ದಿತ್ತು. ಸೀಸ ಮಿದುಳಿನ ಶತ್ರು. ಕೊಂಬು ತಂದು ಗಿರಣಿಯಲ್ಲಿ ಪುಡಿ ಮಾಡಿಸುವ ನಿಮ್ಮ ಅಜ್ಜಿಯ ಪದ್ಧತಿಯೇ ಒಳ್ಳೆಯದು.

ನನಗೆ ಸ್ವಲ್ಪ ಆಸೆ ಹುಟ್ಟಿಸಿರುವುದು ಕೇಸರಿ. ಇರಾನಿನ ವೈದ್ಯರು 2010ರಲ್ಲಿ 46 ಅಲ್‌ಝೈಮರ್ ರೋಗಿಗಳಿಗೆ 16 ವಾರ ದಿನಕ್ಕೆ 30 ಮಿಲಿಗ್ರಾಮ್ ಕೇಸರಿ ಕೊಟ್ಟು ಮದ್ದಿಲ್ಲದ ಮಾತ್ರೆಯೊಂದಿಗೆ ಹೋಲಿಸಿದರು. ಕೇಸರಿ ತಿಂದವರ ಅಂಕಗಳು ಉತ್ತಮವಾಗಿದ್ದವು. 54 ರೋಗಿಗಳ ಇನ್ನೊಂದು ಪ್ರಯೋಗದಲ್ಲಿ ಅದು ಡೊನೆಪೆಝಿಲ್‌ಗೆ ಸರಿಸಮವಾಗಿ ಕಂಡಿತು. ಸಂತೋಷವೇ. ಆದರೆ ಗಿಂಕೊಗೆ ಮೂರು ಸಾವಿರ ಜನ, ಆರು ವರ್ಷ ಬೇಕಾಯಿತೆಂಬುದನ್ನು ನೆನಪಿಡಿ. 46 ಜನ, ನಾಲ್ಕು ತಿಂಗಳು ಎಂದರೆ ಬಾಗಿಲು ತಟ್ಟಿದಷ್ಟೇ, ಒಳಗೆ ಹೋದಂತಲ್ಲ. ಬಜಾರಿನ ಅಗ್ಗದ ಕೇಸರಿಯಲ್ಲಿ ಬಣ್ಣ ಹಾಕಿದ ನಾರು ಎಷ್ಟು ಎಂಬುದು ಬೇರೆಯೇ ಪ್ರಶ್ನೆ.

ಬ್ರಾಹ್ಮಿಯಲ್ಲಿ ಹೆಸರಿನದೇ ಗೊಂದಲ. ಕರ್ನಾಟಕದಲ್ಲಿ ಬ್ರಾಹ್ಮಿ ಎಂದು ಅನೇಕರು ಕರೆಯುವುದು ಒಂದೆಲಗವನ್ನು, ಕರಾವಳಿಯವರ ತಿಮರೆಯನ್ನು. ಸಂಶೋಧನಾ ಪತ್ರಿಕೆಗಳಲ್ಲಿ ಬರುವ ಬ್ರಾಹ್ಮಿ ಹೆಚ್ಚಾಗಿ ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಗಿಡಗಳು, ಸತ್ವಗಳೂ ಬೇರೆ. ಒಂದರ ಮೇಲಿನ ಪ್ರಯೋಗವನ್ನು ಇನ್ನೊಂದರ ಡಬ್ಬಿಯ ಮೇಲೆ ಅಚ್ಚುಹಾಕಿದರೆ ಅದು ಮೋಸ. ಒಂದೆಲಗದ ಚಟ್ನಿ, ತಂಬುಳಿ ಧಾರಾಳವಾಗಿ ತಿನ್ನಿ, ಸೊಪ್ಪು ಒಳ್ಳೆಯದೇ. ಅದನ್ನು ಅಲ್‌ಝೈಮರ್ ಚಿಕಿತ್ಸೆ ಎನ್ನಬೇಡಿ.

ಕಲೊಂಜಿಯ ಬಗ್ಗೆ ಬರೆಯುವಾಗ ಕೈ ತುಸು ತಡೆಯುತ್ತದೆ, ಏಕೆಂದರೆ ಅದರ ಬಗ್ಗೆ ಹದೀಸ್ ಇದೆ. ಹದೀಸಿನ ಮೇಲಿನ ನಿಮ್ಮ ವಿಶ್ವಾಸ ನನ್ನದೂ ಹೌದು. ನನ್ನ ತಕರಾರು ಇರುವುದು ಆ ವಿಶ್ವಾಸವನ್ನು ಬಾಟಲಿಗೆ ಅಂಟಿಸಿ ಮಾರುವವರ ಮೇಲೆ. ಕಲೊಂಜಿಯ ಥೈಮೊಕ್ವಿನೋನ್ ಎಂಬ ಸತ್ವ ಇಲಿಗಳಲ್ಲಿ ಒಳ್ಳೆಯ ಫಲಿತಾಂಶ ತೋರಿಸಿದೆ. ಅಲ್‌ಝೈಮರ್ ರೋಗಿಗಳಲ್ಲಿ ಅದರ ಪ್ರಮಾಣ ಎಷ್ಟು, ಎಷ್ಟು ಕಾಲ, ಯಾವ ಹಂತದಲ್ಲಿ ಎಂಬುದನ್ನು ತೀರ್ಮಾನಿಸುವ ದೊಡ್ಡ ಪ್ರಯೋಗ ಇನ್ನೂ ನಡೆದಿಲ್ಲ. ಹಾಗಿರುವಾಗ ‘ಹದೀಸ್‌ನಲ್ಲಿದೆ, ಆದ್ದರಿಂದ ಆಸ್ಪತ್ರೆಯ ಮಾತ್ರೆ ನಿಲ್ಲಿಸಿ’ ಎಂದು ಅಂಗಡಿಯವನು ಹೇಳಿದರೆ ಅವನು ಮಾರುತ್ತಿರುವುದು ಎಣ್ಣೆಯಲ್ಲ, ನಿಮ್ಮ ಈಮಾನಿನ ಮೇಲಿನ ಅವನ ಲಾಭ.

ಈಗ ಡಬ್ಬಿಗಳ ವಿಷಯಕ್ಕೆ ಬರೋಣ. ‘ಸರ್ಕಾರದ ಲೈಸನ್ಸ್ ನಂಬರ್ ಇದೆಯಲ್ಲ’ ಎಂದು ನೀವು ಕೇಳಬಹುದು. ನಮ್ಮ ಕಾನೂನಿನಲ್ಲಿ, ಹಳೆಯ ಪ್ರಮಾಣಗ್ರಂಥಗಳಲ್ಲಿ ಇರುವ ಯುನಾನಿ ಅಥವಾ ಆಯುರ್ವೇದ ಔಷಧವನ್ನು ಅದೇ ಪ್ರಕಾರ ತಯಾರಿಸಿದರೆ, ಅದು ಕೆಲಸ ಮಾಡುತ್ತದೆಂದು ರೋಗಿಗಳ ಮೇಲಿನ ಹೊಸ ಪ್ರಯೋಗದಿಂದ ತೋರಿಸಬೇಕಾಗಿಲ್ಲ. ಲೈಸನ್ಸ್ ಇದೆ ಎಂದರೆ ತಯಾರಿಸಲು ಅನುಮತಿಯಿದೆ ಎಂದಷ್ಟೇ ಅರ್ಥ. ಮತ್ತೊಂದು ಕಾನೂನೂ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಿದುಳಿನ ರೋಗಗಳೂ ಸೇರಿವೆ. ಅವುಗಳನ್ನು ವಾಸಿಮಾಡುತ್ತೇವೆಂದು ಜಾಹೀರಾತು ಹಾಕುವುದೇ ಅಪರಾಧ. ಆದ್ದರಿಂದ ‘ಅಲ್‌ಝೈಮರ್‌ಗೆ ಶರ್ತಿಯಾ ಇಲಾಜ್’ ಎಂಬ ಜಾಹೀರಾತು ಕಂಡರೆ ಆ ಮದ್ದಿನ ಬಗ್ಗೆ ಬೇರೆ ವಿಚಾರಣೆ ಬೇಡ. ಕಾನೂನನ್ನೇ ಲೆಕ್ಕಿಸದವನು ಡಬ್ಬಿಯೊಳಗಿನದನ್ನು ಸರಿಯಾಗಿ ತೂಗಿರುತ್ತಾನೆಯೇ?

ಖಮೀರಾ, ಮಾಜೂನ್‌ಗಳ ಬುನಾದಿ ಸಕ್ಕರೆ ಅಥವಾ ಜೇನು. ತೂಕದಲ್ಲಿ ಹೆಚ್ಚಿನ ಪಾಲು ಅದೇ. ಸಕ್ಕರೆ ಕಾಯಿಲೆಯಿರುವ ತಾಯಿಗೆ ಬೆಳಿಗ್ಗೆ ಸಂಜೆ ಚಮಚ ಚಮಚ ಮಾಜೂನ್ ತಿನ್ನಿಸಿ, ಮತ್ತೊಂದು ಕಡೆ ಶುಗರ್ ಮಾತ್ರೆ ಹೆಚ್ಚಿಸುವ ಮನೆಗಳನ್ನು ನೋಡಿದ್ದೇನೆ. ಹತೋಟಿ ತಪ್ಪಿದ ಸಕ್ಕರೆಯೇ ಮರೆವಿಗೆ ದಾರಿ ಮಾಡಿಕೊಡುತ್ತದೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ನಮ್ಮ ಯುನಾನಿಯಲ್ಲೇ ನಿದ್ರೆಗೆ, ನೋವಿಗೆ, ಕೆಮ್ಮಿಗೆ ಖುರಾಸಾನಿ ಓಮ ಬಳಸುತ್ತೇವೆ. ಪಟ್ಟಿಯಲ್ಲಿ ಅದರ ಹೆಸರು ಬಝ್ರುಲ್ ಬಂಜ್ ಅಥವಾ ಅಜ್ವಾಯಿನ್ ಖುರಾಸಾನಿ ಎಂದಿರುತ್ತದೆ. ಅಡುಗೆಯ ಓಮಕ್ಕೂ ಇದಕ್ಕೂ ಸಂಬಂಧವಿಲ್ಲ. ಬರ್ಶಾಶಾ ಎಂಬ ಮಾಜೂನಿನಲ್ಲಿ ಇದೂ ಅಫೀಮೂ ಇರುತ್ತವೆ. ಉಬ್ಬಸಕ್ಕೆ ಕೆಲವರು ಬಳಸುವ ದತ್ತೂರವೂ ಇದೇ ಬಳಗದ್ದು. ಈ ಗಿಡಗಳ ಸತ್ವಗಳು ಮೇಲೆ ಹೇಳಿದ ಅಸಿಟೈಲ್‌ಕೋಲಿನ್ನಿನ ಕೆಲಸವನ್ನೇ ತಡೆಯುತ್ತವೆ. ಆಸ್ಪತ್ರೆಯ ಮಾತ್ರೆ ಅಂಚೆಯವನನ್ನು ಓಡಿಸಲು ನೋಡುತ್ತಿರುತ್ತದೆ, ರಾತ್ರಿ ಕೊಟ್ಟ ನಿದ್ರೆಯ ಪುಡಿ ಎಲ್ಲ ಮನೆಗಳ ಬಾಗಿಲು ಮುಚ್ಚಿಬಿಡುತ್ತದೆ. ಆರೋಗ್ಯವಂತ ಯುವಕನಿಗೆ ಬಾಯಿ ಒಣಗಿದರೆ ಮುಗಿಯಿತು. ಅಲ್‌ಝೈಮರ್ ಇರುವ ಅಜ್ಜಿ ಬೆಳಗಾಗುವಷ್ಟರಲ್ಲಿ ಮಗನನ್ನೇ ಗುರುತಿಸದೆ ಕೂಗಾಡಬಹುದು. ‘ರೋಗ ಒಮ್ಮೆಲೇ ಜಾಸ್ತಿಯಾಯಿತು’ ಎಂದು ಮನೆಯವರು ಅಳುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನಿದ್ರೆ ತರಿಸುವ ಹಳೆಯ ಶೀತದ ಮಾತ್ರೆಗಳಿಗೂ ಇದೇ ಗುಣವಿದೆ. ಗಿಂಕೊ ತಿನ್ನುವವರು ರಕ್ತ ತೆಳುಮಾಡುವ ಮಾತ್ರೆಯನ್ನೂ ತಿನ್ನುತ್ತಿದ್ದರೆ ರಕ್ತಸ್ರಾವದ ಭಯವಿದೆ. ಆದ್ದರಿಂದ ನರರೋಗ ತಜ್ಞರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಡಬ್ಬಿ, ಪುಡಿ, ಎಣ್ಣೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಹಕೀಮರ ಮದ್ದು ಎಂದರೆ ಬೈಯುತ್ತಾರೆ’ ಎಂದು ಮುಚ್ಚಿಡಬೇಡಿ. ನನ್ನ ಬಳಿ ಬರುವಾಗ ಆಸ್ಪತ್ರೆಯ ಚೀಟಿಯನ್ನೂ ಮುಚ್ಚಿಡಬೇಡಿ.

ಯುನಾನಿಯವರಾದ ನಾವು ಈ ಪರೀಕ್ಷೆಗಳಿಗೆ ಹೆದರಬೇಕಾಗಿಲ್ಲ. ದೆಹಲಿಯ ಹಕೀಮ್ ಅಜ್ಮಲ್ ಖಾನ್ ತಮ್ಮ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾ ವಿಭಾಗ ಕಟ್ಟಲು ಕರೆಸಿಕೊಂಡದ್ದು ಇನ್ನೊಬ್ಬ ಹಕೀಮನನ್ನಲ್ಲ, ಫ್ರಾಂಕ್‌ಫರ್ಟಿನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಮಾಡಿದ್ದ ಯುವಕ ಸಲೀಮುಝ್ಝಮಾನ್ ಸಿದ್ದೀಕಿಯನ್ನು. 1931ರಲ್ಲಿ ಸಿದ್ದೀಕಿ ಸರ್ಪಗಂಧದಿಂದ, ಅಂದರೆ ನಮ್ಮ ಅಸ್ರೋಲ್‌ನಿಂದ, ಒಂದು ಸತ್ವವನ್ನು ಬೇರ್ಪಡಿಸಿ ಆಗಾಗಲೇ ತೀರಿಕೊಂಡಿದ್ದ ಹಕೀಮ್ ಸಾಹೇಬರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಅಡಗಿರುವ ಒಂದು ಬಗೆಯ ಹೃದಯದ ತೊಂದರೆಯನ್ನು ಪತ್ತೆಹಚ್ಚಲು ಹೃದಯ ತಜ್ಞರು ಇಂದಿಗೂ ಅದನ್ನು ಬಳಸುತ್ತಾರೆ. ಅದೇ ಗಿಡದಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೆಸರ್ಪಿನ್ ಬೇರ್ಪಡಿಸಿದರು, ಅದು ರಕ್ತದೊತ್ತಡದ ಮಾತ್ರೆಯಾಯಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದೆ, ಅದೇ ಊರಿನಲ್ಲಿ ನಿಮ್ಹಾನ್ಸ್ ಇದೆ. ಕುಂದುರ್, ಬಜೆ, ಉಸ್ತುಖುದ್ದೂಸ್, ಕೇಸರಿ ಇವುಗಳನ್ನು ಅಲ್‌ಝೈಮರ್ ರೋಗಿಗಳಲ್ಲಿ ಗಿಂಕೊದಷ್ಟೇ ಕಟ್ಟುನಿಟ್ಟಾಗಿ ಎರಡೂ ಸೇರಿ ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ. ಸೋತ ಮದ್ದನ್ನು ಸೋತಿತೆಂದು ಪ್ರಕಟಿಸುವ ಧೈರ್ಯವೂ ಇರಬೇಕು. ಸಮುದಾಯದಲ್ಲಿ ಹಣವಂತರಿದ್ದಾರೆ. ಮತ್ತೊಂದು ಶಾದಿಮಹಲ್ ಕಟ್ಟುವ ಬದಲು ಇಂಥದ್ದಕ್ಕೆ ಕೊಟ್ಟರೆ ಬೇಡ ಎನ್ನುವವರು ಯಾರು?

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬಹುದು? ಮರೆವೆಲ್ಲ ಅಲ್‌ಝೈಮರ್ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಜಾರಿ ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುವುದು, ಮೂತ್ರದ ಸೋಂಕು ಇವೆಲ್ಲ ಮರೆವಿನಂತೆಯೇ ಕಾಣುತ್ತವೆ. ಸಕಾಲಕ್ಕೆ ಕಂಡುಹಿಡಿದರೆ ಇವುಗಳಿಗೆ ನಿಜವಾದ ಚಿಕಿತ್ಸೆಯಿದೆ. ಆರು ತಿಂಗಳು ಮಾಜೂನ್ ತಿನ್ನಿಸಿ ನೋಡೋಣ ಎಂದು ಕಳೆಯುವ ಆರು ತಿಂಗಳ ಬೆಲೆ ಇದು. ಮೊದಲು ರಕ್ತ ಪರೀಕ್ಷೆ, ವೈದ್ಯರು ಹೇಳಿದರೆ ತಲೆಯ ಸ್ಕ್ಯಾನ್. ನನ್ನ ದವಾಖಾನೆಗೆ ಮರೆವೆಂದು ಬರುವವರಿಗೆ ಮದ್ದಿಗಿಂತ ಮೊದಲು ನಾನು ಬರೆಯುವ ಚೀಟಿ ಇದೇ.

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ, ಬದಲಾಯಿಸಬಹುದಾದ 14 ಅಪಾಯಗಳನ್ನು ಹತೋಟಿಗೆ ತಂದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿತು. ರಕ್ತದೊತ್ತಡ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಬೀಡಿ ಸಿಗರೇಟು, ವ್ಯಾಯಾಮವಿಲ್ಲದಿರುವುದು, ಒಂಟಿತನ ಅದರಲ್ಲಿವೆ. ಕಿವಿ ಕೇಳದಿರುವುದೂ ಇದೆ. ನಮ್ಮ ಮನೆಗಳಲ್ಲಿ ಅಬ್ಬಾನಿಗೆ ಕಿವಿ ಮಂದವಾದರೆ ವಯಸ್ಸಾಯಿತೆಂದು ಸುಮ್ಮನಾಗುತ್ತೇವೆ, ಆಮೇಲೆ ಯಾರೂ ಅವರ ಹತ್ತಿರ ಕೂತು ಮಾತಾಡುವುದಿಲ್ಲ. ಎರಡು ವರ್ಷದ ಮಾಜೂನಿನ ಹಣದಲ್ಲಿ ಒಂದು ಶ್ರವಣ ಯಂತ್ರ ಬರುತ್ತದೆ.

ರೋಗ ಖಚಿತವಾಗಿದ್ದರೆ ದಿನಚರಿ ಒಂದೇ ರೀತಿ ಇರಲಿ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ರಾತ್ರಿ ಮುಚ್ಚಿ, ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇಡಿ. ನಮಾಝ್ ಮಾಡಿದ್ದನ್ನು ಮತ್ತೆ ಮಾಡಲು ಎದ್ದರೆ ಗದರಬೇಡಿ, ಪಕ್ಕದಲ್ಲಿ ನಿಲ್ಲಿ. ಮತ್ತು ಹಗಲೂ ರಾತ್ರಿ ಅವರನ್ನು ನೋಡಿಕೊಳ್ಳುವವರು ಯಾರೆಂದು ಗಮನಿಸಿ. ಹೆಚ್ಚಿನ ಮನೆಗಳಲ್ಲಿ ಅದು ಒಬ್ಬಳೇ ಸೊಸೆ ಅಥವಾ ಮದುವೆಯಾಗದ ಮಗಳು. ಗಂಡುಮಕ್ಕಳು ವಾರಕ್ಕೆ ಎರಡು ಸಂಜೆಯಾದರೂ ಆ ಜಾಗದಲ್ಲಿ ಕೂರಲಿ, ಅವಳು ತವರಿಗೋ ಗೆಳತಿಯ ಮನೆಗೋ ಹೋಗಿ ಬರಲಿ.